ಸಿಸ್ಟರ್‌ಗೆ ಓದೋಕೆ ಬರಲ್ವಾ?

ವಿಜಯನಗರದ ನಮ್ಮ ಬೀದಿಯಲ್ಲೊಬ್ಬಳು ಹುಡುಗಿ ಇದ್ದಾಳೆ. ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಎಂಟಕ್ಕೆ ಅಂದ್ರೆ ಏಳಕ್ಕೇ ವಾರ್ಡಲ್ಲಿರ್ತಾಳೆ. ಏನಮ್ಮಾ ನಿನ್ ಶ್ರದ್ಧೆ ಅಂತ ಹೊಗಳಿದೆ. "ಶ್ರದ್ಧೆ ಅಲ್ಲ ಅಂಕಲ್, ಭಯ" ಅಂದಳು.

ಅವಳಿಗೆ ಡಿಸ್ಲೆಕ್ಸಿಯಾ. ಡಾಕ್ಟರು ಗೀಚಿದ ಕೇಸ್‌ಶೀಟನ್ನ ಯಾರೂ ನೋಡದ ಹೊತ್ತಲ್ಲಿ ಎರಡ್ಮೂರು ಸಲ ಓದ್ಕೋಬೇಕು. ರೋಗಿಯ ಮುಖ ನೋಡಿ 'ಏನೋ ಸರಿಯಿಲ್ಲ' ಅಂತ ಗುರುತಿಸೋದ್ರಲ್ಲಿ ಎತ್ತಿದ ಕೈ. ಆದ್ರೆ ಹ್ಯಾಂಡೋವರ್ ಬರೆಯುವಾಗ ಸ್ಪೆಲ್ಲಿಂಗ್ ತಪ್ಪುತ್ತೆ. ಒಂದ್ಸಲ ಮೇಲಿನವರೊಬ್ಬರು ರೋಗಿಗಳ ಎದುರೇ, "ನಿನಗೆ ಓದೋಕೆ ಬರಲ್ವಾ? ನರ್ಸಿಂಗ್ ಪಾಸ್ ಮಾಡಿಸಿದ್ದು ಯಾರು?" ಅಂದರಂತೆ. ಅವತ್ತಿನಿಂದ ಬಾಯಿ ಹೊಲಿದುಕೊಂಡಿದ್ದಾಳೆ.

2007ರಲ್ಲಿ 'ತಾರೇ ಜಮೀನ್ ಪರ್' ನೋಡಿ ಕರ್ಚೀಫು ಒದ್ದೆ ಮಾಡ್ಕೊಂಡವರು ನಾವೇ. ಆ ಹುಡುಗ ಬೆಳೆದು ಡಾಕ್ಟರೋ ನರ್ಸೋ ಆದರೆ ಏನ್ಮಾಡ್ಬೇಕು ಅಂತ ಮಾತ್ರ ಯೋಚಿಸಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡ್ತೀವಿ, ಬರೆಯೋದಕ್ಕೆ ಜನ ಕೊಡ್ತೀವಿ. ಕೆಲಸಕ್ಕೆ ಸೇರಿದ ದಿನವೇ ಅದೆಲ್ಲ ಬಂದ್. ಡಿಸ್ಲೆಕ್ಸಿಯಾ ಏನು ಮಾರ್ಕ್ಸ್ ಕಾರ್ಡ್ ಕೈಗೆ ಬಂದ ತಕ್ಷಣ ಇಳಿಯೋ ಜ್ವರವೇ?

"ರೋಗಿಯ ಜೀವದ ಪ್ರಶ್ನೆ ಕಣ್ರೀ" ಅಂತೀರಿ. ಒಪ್ಪಿದೆ. ಹಾಗಾದರೆ ಹೇಳಿ, ಅನುಮಾನ ಬಂದಾಗ ಧೈರ್ಯವಾಗಿ ಕೇಳುವ ನರ್ಸ್ ಅಪಾಯವೋ, ಬೈಸಿಕೊಳ್ಳುವ ಭಯಕ್ಕೆ ಸುಮ್ಮನಾಗುವ ನರ್ಸ್ ಅಪಾಯವೋ? ಡೋಪಮಿನ್, ಡೋಬುಟಮಿನ್ ಎರಡೂ ಬೇರೆ ಬೇರೆ ಔಷಧಿ. ಬೆಳಗಿನ ಜಾವ ಮೂರು ಗಂಟೆಗೆ, ಕೋಳಿ ಕೆದಕಿದಂಥ ಅಕ್ಷರದಲ್ಲಿ, ಡಿಸ್ಲೆಕ್ಸಿಯಾ ಇಲ್ಲದವರೂ ಅವನ್ನು ಅದಲು ಬದಲು ಓದಬಹುದು. ಅದಕ್ಕೇ ಹೆಸರಿನ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ಬಂದಿದ್ದು. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಿರಿ ಅಂತ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಆಗಿದೆ. ಗೀಚುವ ಡಾಕ್ಟರು 'ಬ್ಯುಸಿ', ಓದಲು ತಿಣುಕುವ ನರ್ಸ್ 'ದಡ್ಡಿ'. ಯಾವ ಊರಿನ ನ್ಯಾಯ?

ಅವಳು ಕೇಳ್ತಿರೋದು ಚಿನ್ನದ ಕಿರೀಟ ಅಲ್ಲ. ಅಚ್ಚಾದ ಔಷಧಿ ಚಾರ್ಟು. ಫೋನಲ್ಲಿ ಹೇಳಿದ ಆರ್ಡರನ್ನು ತಿರುಗಿ ಓದಿ ಹೇಳೋ ರೂಢಿ. ಹ್ಯಾಂಡೋವರ್‌ಗೆ ಸಿದ್ಧ ನಮೂನೆ. ಡೋಸ್ ಲೆಕ್ಕ ನೋಡಲು ಇನ್ನೊಂದು ಜೊತೆ ಕಣ್ಣು. ಬರೆಯಲು ಹತ್ತು ನಿಮಿಷ, ಸದ್ದಿಲ್ಲದ ಒಂದು ಮೂಲೆ. ಇವುಗಳಿಂದ ಆಕೆಗಿಂತ ಹೆಚ್ಚು ಲಾಭ ಹಾಸಿಗೆ ಮೇಲಿರೋ ನಿಮಗೆ, ನನಗೆ. ಬ್ರಿಟನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಇಂಥ ನರ್ಸ್‌ಗಳಿಗಾಗಿಯೇ ಕೈಪಿಡಿ ತಂದಿದೆ.

ನಮ್ಮಲ್ಲಿ ಕಾನೂನೇ ಇದೆ ಸ್ವಾಮಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾ ಸೇರಿದೆ. ಸರ್ಕಾರಿ ಸಂಸ್ಥೆಗಳು ಇಂಥ ನೌಕರರಿಗೆ ಬೇಕಾದ ಅನುಕೂಲ ಮಾಡಿಕೊಡಲೇಬೇಕು ಅನ್ನುತ್ತೆ 20ನೇ ಕಲಂ. 21ನೇ ಕಲಂ ಪ್ರಕಾರ ಖಾಸಗಿಯವರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ವೆಬ್‌ಸೈಟಿನಲ್ಲಿ, ಇಲ್ಲವೇ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಬೇಕು.

ರಾಜಾಜಿನಗರದಿಂದ ಕೆಂಗೇರಿವರೆಗೆ ಹೆಜ್ಜೆಗೊಂದು ನರ್ಸಿಂಗ್ ಹೋಮ್, ಆಸ್ಪತ್ರೆ. ಮುಂದಿನ ಸಲ ಯಾರನ್ನಾದರೂ ನೋಡೋಕೆ ಹೋದಾಗ ಗೋಡೆ ಮೇಲೆ ಆ ಕಾಗದ ಹುಡುಕಿ. ಹೆಲ್ತ್ ಪ್ಯಾಕೇಜಿನ ರೇಟ್ ಬೋರ್ಡು ಕಾಣುತ್ತೆ. ಇದು ಕಾಣದಿದ್ದರೆ ರಿಸೆಪ್ಷನ್ನಲ್ಲಿ ಕೇಳಿ, ಜೋರಾಗೇ ಕೇಳಿ. ಪಾಪ, ಆ ಹುಡುಗಿ ಕೇಳೋ ಸ್ಥಿತಿಯಲ್ಲಿಲ್ಲ.