ಕುಲೀನರ ಪ್ರಣಯವೂ ನಮ್ಮ ವಾಚಕರೂ

ಜೇನ್ ಆಸ್ಟಿನ್ ಎಂಬ ಆಂಗ್ಲ ಕಾದಂಬರಿಕಾರ್ತಿ ಜನಿಸಿ 2025ರ ಡಿಸೆಂಬರ್ 16ಕ್ಕೆ 250 ವರ್ಷಗಳು ತುಂಬಿದವು. ಇಂಗ್ಲೆಂಡಿನ ಹಬ್ಬ ಇಂಗ್ಲೆಂಡಿಗೆ. ಕುಂದಾಪುರದ ಕನ್ನಡ ಅಧ್ಯಾಪಕನಿಗೆ ಅದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಬೈಂದೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಕಾಲೇಜಿನ ಜಗಲಿಯಲ್ಲಿ ಕುಳಿತು, ಮೊಬೈಲಿನಲ್ಲಿ ಏನನ್ನೋ ಓದುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ನನ್ನನ್ನು ಕಂಡೊಡನೆ, ಕದ್ದ ಮಾವಿನಕಾಯಿಯನ್ನು ಅಡಗಿಸುವವಳಂತೆ ಅದನ್ನು ಮರೆಮಾಡಿದಳು. “ಏನಮ್ಮ ಅದು?” ಎಂದೆ. “ಸುಮ್ಮನೆ ಒಂದು ಕಥೆ ಸರ್, ಸಾಹಿತ್ಯ ಅಲ್ಲ” ಎಂದಳು.

ಸಾಹಿತ್ಯವಲ್ಲ ಎಂಬ ಈ ತೀರ್ಪನ್ನು ಅವಳಿಗೆ ಕಲಿಸಿದವರು ನಾವೇ ಅಲ್ಲವೇ?

ಅವಳು ಓದುತ್ತಿದ್ದುದು ಈಗ ತರುಣ ತರುಣಿಯರ ಮೆಚ್ಚುಗೆಗೆ ಪಾತ್ರವಾಗಿರುವ ಒಂದು ಜಾತಿಯ ಕಾದಂಬರಿ. ದೊರೆ ಮೂರನೆಯ ಜಾರ್ಜ್ ಅಸ್ವಸ್ಥನಾಗಿ ಅವನ ಮಗ ರಾಜಪ್ರತಿನಿಧಿಯಾಗಿ ಆಳಿದ 1811ರಿಂದ 1820ರ ಕಾಲ; ಲಂಡನ್ನಿನ ನೃತ್ಯಕೂಟಗಳು, ಡ್ಯೂಕರು, ಬೀಸಣಿಗೆ ಹಿಡಿದ ಕನ್ಯೆಯರು, ತಪ್ಪಿ ಬೇರೊಬ್ಬರ ಕೈ ಸೇರುವ ಪತ್ರಗಳು; ಕೊನೆಗೆ ವಿವಾಹ. ಜೂಲಿಯಾ ಕ್ವಿನ್ ಎಂಬಾಕೆಯ ಕೃತಿಗಳನ್ನು ಆಧರಿಸಿದ ‘ಬ್ರಿಜರ್ಟನ್’ ಧಾರಾವಾಹಿ 2020ರ ಡಿಸೆಂಬರಿನಲ್ಲಿ ಬಂದ ಮೇಲಂತೂ ಇದರ ಗೀಳು ನಮ್ಮ ಹಳ್ಳಿಗಳವರೆಗೂ ಹಬ್ಬಿದೆ. ಈ ಪ್ರಕಾರಕ್ಕೆ ರೂಪು ಕೊಟ್ಟವಳು ಜಾರ್ಜೆಟ್ ಹೇಯರ್. ಆಕೆ ಹುಟ್ಟಿದ್ದು 1902ರಲ್ಲಿ. ಅದೇ ವರ್ಷ ನಮ್ಮ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು. ಕಾರಂತರು 1933ರಲ್ಲಿ ‘ಚೋಮನ ದುಡಿ’ಯನ್ನು ಕೊಟ್ಟರು, ಹೇಯರ್ 1935ರಲ್ಲಿ ‘ರೀಜೆನ್ಸಿ ಬಕ್’ ಎಂಬ ಸರಸ ಕಥೆಯನ್ನು ಕೊಟ್ಟಳು. ಅವರಿಬ್ಬರಲ್ಲಿ ಯಾರು ದೊಡ್ಡವರೆಂಬುದು ಚರ್ಚೆಯ ವಿಷಯವೇ ಅಲ್ಲ. ಆದರೆ ಚೋಮನಿಗಾಗಿ ಮರುಗಿದ ಹೃದಯಕ್ಕೆ ನಗುವ ಹಕ್ಕೂ ಉಂಟು. ನಾನೂ ಹೇಯರಳನ್ನು ಕದ್ದು ಓದಿದವನೇ, ರಾತ್ರಿ ಉತ್ತರಪತ್ರಿಕೆಗಳ ಕಟ್ಟನ್ನು ಬದಿಗೆ ಸರಿಸಿ.

ಮರುದಿನ ಆ ಹುಡುಗಿಯೇ ಬಂದು ಇನ್ನೊಂದು ಸಂಗತಿಯನ್ನು ಹೇಳಿದಳು. ಈ ಕಥೆಗಳನ್ನು ಅವಳು ರಾತ್ರಿ ತನ್ನ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳಂತೆ. ನಾಯಕ ಪ್ರವೇಶಿಸಿದೊಡನೆ ಅಜ್ಜಿಯ ಮೊದಲ ಪ್ರಶ್ನೆ: “ಆ ಗಂಡಿಗೆ ಗದ್ದಿ ಎಷ್ಟಿತ್?” ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡು ವರಮಾನವೆಂಬುದನ್ನು ನಾಲ್ಕು ಜನರ ಬಾಯಲ್ಲಿ ಆಡಿಸಿದ ಆಸ್ಟಿನ್ ಈ ಮುದುಕಿಯನ್ನು ಕಂಡಿದ್ದರೆ ಅಪ್ಪಿಕೊಳ್ಳುತ್ತಿದ್ದಳು. ಆದರೆ ಬೆನೆಟ್ಟರ ಐವರು ಹೆಣ್ಣುಮಕ್ಕಳ ಕಥೆಯಲ್ಲಿ ಅಜ್ಜಿ ತಡೆದಳಂತೆ. ತಂದೆ ಸತ್ತರೆ ಮನೆ ದೂರದ ದಾಯಾದಿಯ ಪಾಲಾಗುತ್ತದೆ ಎಂಬುದು ಆಕೆಗೆ ಅರ್ಥವೇ ಆಗಲಿಲ್ಲ. “ಹೆಣ್ ಮಕ್ಳಿಗೆ ಮನಿ ಇಲ್ಯಾ?” ಎಂದು ಕೇಳಿದಳು.

ಎಂಥ ವಿಮರ್ಶೆ! ಅಜ್ಜಿಯದು ಅಳಿಯಸಂತಾನದ ಮನೆ. ಅಲ್ಲಿ ಕುಲವೂ ಆಸ್ತಿಯೂ ತಾಯಿಯ ಕಡೆಯಿಂದ ಇಳಿಯುತ್ತಿದ್ದವು. ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿದ್ದರೂ ಮನೆ ಹೆಣ್ಣಿನ ಸಂತಾನದ್ದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆ ಕಟ್ಟನ್ನು ಸಡಿಲಿಸಿದರೂ ಅದರ ನೆನಪು ಅಳಿದಿಲ್ಲ. ಆಂಗ್ಲ ಪ್ರಣಯಕಥೆಯ ಚಕ್ರ ತಿರುಗುವುದು ‘ವರ ದೊರೆಯದಿದ್ದರೆ ಬೀದಿಪಾಲು’ ಎಂಬ ಅಚ್ಚಿನ ಮೇಲೆ. ಆ ಅಚ್ಚು ಇಲ್ಲಿ ಕೂಡುವುದಿಲ್ಲ. ಹಾಗಾದರೆ ಇಲ್ಲಿನ ಸರಸ ಕಥೆ ಹೇಗಿದ್ದೀತು? ಮದುವೆಯಾಗಲೇಬೇಕೆಂಬ ಆತುರ ಗಂಡಿಗೇ ಇರುವ, ಹೆಣ್ಣು ಜಗಲಿಯಲ್ಲಿ ಕುಳಿತು ಅಳೆಯುವ ಕಥೆಯೊಂದನ್ನು ಯಾರಾದರೂ ಬರೆದಿದ್ದಾರೆಯೇ?

ನಾನು ಕಂಡಂತೆ ಇಲ್ಲ. ನಮ್ಮ ಐತಿಹಾಸಿಕ ಕಾದಂಬರಿಗೆ ಒಂದು ರಾಜ್ಯವಾದರೂ ಮುಳುಗದೆ ತೃಪ್ತಿಯಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗು ಹೋಯಿತು, ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಹೆಸರಿನಲ್ಲೇ ಸೂರ್ಯ ಮುಳುಗಿದ್ದಾನೆ. ಇವು ಮಹತ್ತಾದ ಕೃತಿಗಳು. ಅವುಗಳ ಪಾಠವನ್ನು ಹೇಳುವುದು ನನ್ನ ಭಾಗ್ಯ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಗೆ ಸಂಜೆಯ ಬಸ್ಸಿನಲ್ಲಿ ಓದಲು ಚರಿತ್ರೆಯ ಒಂದು ಹಗುರ ಪುಸ್ತಕವನ್ನು ಕನ್ನಡ ಕೊಡದಿದ್ದರೆ ಆಕೆ ಇಂಗ್ಲಿಷಿಗೆ ಹೋಗುತ್ತಾಳೆ. ಹೋದವಳನ್ನು ಬೈದು ಫಲವೇನು?

ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ನುಂಗಿಹಾಕುವಂತಿಲ್ಲ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ನಮ್ಮ ಕೆನರಾ ಕಂಪನಿಯ ವಶವಾಗಿ, ಥಾಮಸ್ ಮನ್ರೋ ಇಲ್ಲಿ ಕಂದಾಯವನ್ನು ಗೊತ್ತುಮಾಡಿದನು. ಲಂಡನ್ನಿನ ಆ ದೀಪಗಳು ಉರಿಯುತ್ತಿದ್ದಾಗ ನಮ್ಮ ರೈತ ಕಂಪನಿಗೆ ತೆರುತ್ತಿದ್ದ. ಅಷ್ಟು ದೂರವೇಕೆ? ನನ್ನ ಅಜ್ಜ ಬ್ರಹ್ಮಾವರದ ಕಡೆ ಚಾಲಗೇಣಿಯ ಒಕ್ಕಲು. ಅಕ್ಕಿಮುಡಿಯನ್ನು ಹೊತ್ತು ಒಡೆಯರ ಹೆಬ್ಬಾಗಿಲ ಹೊರಗೆ ನಿಲ್ಲುತ್ತಿದ್ದವರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಬಳಿಕವೇ ಆ ಗದ್ದೆ ನಮ್ಮದಾಯಿತು. ಅಂಥವನ ಮೊಮ್ಮಗ ಡ್ಯೂಕನ ಪ್ರಣಯಕ್ಕೆ ತಲೆದೂಗಬಹುದೇ?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಯಕ್ಷಗಾನದ ಡೇರೆ. 1980ರ ದಶಕದಲ್ಲಿ ಗುಂಡ್ಮಿ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿದ್ದಾಗ ‘ನಾಗಶ್ರೀ’ಯಂಥ ಕಾಲ್ಪನಿಕ ಪ್ರಸಂಗಗಳಿಗೆ ಜನ ಮುಗಿಬೀಳುತ್ತಿದ್ದರು. ಪುರಾಣ ಕೆಟ್ಟಿತೆಂದು ಪಂಡಿತರು ಹುಬ್ಬುಗಂಟಿಕ್ಕಿದ್ದರು. ನಾನು ಚಿಕ್ಕ ಹುಡುಗ, ಅಮ್ಮನ ಮಡಿಲಲ್ಲಿ ಅರೆನಿದ್ದೆ. ಗೇಣಿ ತೆತ್ತು ಬೆನ್ನು ಬಾಗಿದ ಅಜ್ಜ ರಾಜಕುಮಾರಿಯ ಬಿಂಕಕ್ಕೆ, ಅವಳ ಮುಂದೆ ತೊದಲುವ ರಾಜಕುಮಾರನ ಪಾಡಿಗೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಒಡೆಯರ ಹೆಬ್ಬಾಗಿಲನ್ನು ಅವರು ಮರೆತಿರಲಿಲ್ಲ. ಹೆಬ್ಬಾಗಿಲ ಒಳಗಿನವರೂ ಪ್ರೇಮದಲ್ಲಿ ಪೆದ್ದರೇ ಎಂಬುದನ್ನು ಕಂಡು ನಗುತ್ತಿದ್ದರೆಂದು ಈಗ ತೋರುತ್ತದೆ. ಕುಲೀನರ ಪ್ರಣಯವನ್ನು ಓದುವ ಸುಖದಲ್ಲಿ ಆರಾಧನೆಗಿಂತ ಈ ಕೀಟಲೆಯೇ ಹೆಚ್ಚು. ಹೇಯರಳಲ್ಲೂ ಆಸ್ಟಿನ್ನಳಲ್ಲೂ ಅದೇ ಜೀವ.

ಸಾಮಗ್ರಿಗೆ ಕೊರತೆಯಿಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು ಇದೆ. ಪೋರ್ಚುಗೀಸರು ಅಕ್ಕಿಗಾಗಿ ಬಾಗಿಲು ಕಾದ, 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಸೂರೆಮಾಡಿದ ಬಸರೂರು ಇದೆ. ಅಲ್ಲಿನ ಮೂಡುಕೇರಿ ಪಡುಕೇರಿಗಳ ಸೆಟ್ಟರ ಮನೆಗಳಲ್ಲಿ ಪ್ರಣಯಗಳೂ ಜಗಳಗಳೂ ನಡೆಯದೆ ಇದ್ದವೇ?

ಇದನ್ನೆಲ್ಲ ಆ ವಿದ್ಯಾರ್ಥಿನಿಗೆ ಹೇಳಿ, “ನೀನೇ ಬರೆ” ಎಂದೆ. ಅವಳು ಬರೆದ ಎರಡು ಹಾಳೆಗಳು ಈಗ ನನ್ನ ಮೇಜಿನ ಮೇಲಿವೆ. ಬಸರೂರಿನ ಸೆಟ್ಟರ ಮನೆಯ ಹುಡುಗಿಯೊಬ್ಬಳು ಮಳೆಗಾಲಕ್ಕೆ ಮೊದಲು ದಡ ಸೇರಿದ ಹಡಗಿನ ವ್ಯಾಪಾರಿಯನ್ನು ಜಗಲಿಯಲ್ಲೇ ನಿಲ್ಲಿಸಿ ಅಕ್ಕಿಯ ಲೆಕ್ಕ ಕೇಳುತ್ತಾಳೆ. ಅವನು ಲೆಕ್ಕ ತಪ್ಪುತ್ತಾನೆ. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ತಿದ್ದಬಹುದು. ಅಜ್ಜಿಯ ತಕರಾರು ಮಾತ್ರ ಇನ್ನೂ ತೀರಿಲ್ಲವಂತೆ: ಅಷ್ಟು ಕಡಿಮೆ ಗದ್ದೆಯ ಗಂಡನ್ನು ಆ ಹುಡುಗಿ ಒಪ್ಪಬಾರದಂತೆ.