ದುರಸ್ತಿಯ ನಂತರದ ಸುಟ್ಟ ವಾಸನೆ

ಎಂಜಿನ್ ಬಿಚ್ಚಿ ಜೋಡಿಸಿದ ಮೋಟಾರು ಸೈಕಲ್ಲನ್ನು ಮನೆಗೆ ತಂದ ದಿನವೇ ಸುಟ್ಟ ವಾಸನೆ ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುವುದು ಸಹಜ. ಆದರೆ ಎಲ್ಲ ವಾಸನೆಯೂ ಒಂದೇ ಅಲ್ಲ. ಕೆಲಸದ ವೇಳೆ ಸೈಲೆನ್ಸರ್ ಕೊಳವೆಯ ಮೇಲೆ ಚೆಲ್ಲಿದ ಎಣ್ಣೆ ಕಾವಿಗೆ ಹೊಗೆಯಾಡುವುದುಂಟು. ಒಂದೆರಡು ಸಲ ಓಡಾಡಿದರೆ ತಾನಾಗಿಯೇ ಅಡಗುತ್ತದೆ. ಅಡಗದಿದ್ದರೆ, ಗಾಡಿ ತಣಿದ ಮೇಲೆ ಕೊಳವೆಯನ್ನೂ ಎಂಜಿನ್ನನ್ನೂ ಚೊಕ್ಕಟವಾಗಿ ಒರೆಸಿ, ಸ್ವಲ್ಪ ದೂರ ಓಡಿಸಿ ಮತ್ತೆ ಪರೀಕ್ಷಿಸಬೇಕು. ಹೊಸ ಜಿಡ್ಡು ಎಲ್ಲಿಂದ ಇಳಿದಿದೆಯೋ ಅಲ್ಲಿಯೇ ದೋಷ. ನಮ್ಮ ಮನೆಯ ಗಾಡಿಯಲ್ಲಿ ಅದು ಎಂಜಿನ್ನಿನ ಮೇಲ್ಮುಚ್ಚಳದ ಅಂಚು. ಹಳೆಯ ಗ್ಯಾಸ್ಕೆಟ್ಟನ್ನೇ ಮರಳಿ ಕೂರಿಸಿದ್ದರು. ಅಲ್ಪ ಉಳಿತಾಯಕ್ಕೆ ಎರಡು ವಾರಗಳ ಅಲೆದಾಟ!

ಏರಿನಲ್ಲಿ ಎಂಜಿನ್ ಅಬ್ಬರಿಸಿದರೂ ಗಾಡಿ ವೇಗ ಹಿಡಿಯದೆ ಕಮಟು ವಾಸನೆ ಬಂದರೆ ಕ್ಲಚ್ ಜಾರುತ್ತಿದೆಯೆಂದು ತಿಳಿಯಬೇಕು. ಕೇಬಲ್ಲನ್ನು ಅತಿಯಾಗಿ ಬಿಗಿದಿದ್ದರೆ ಹೀಗಾಗುತ್ತದೆ. ಹಿಡಿಕೆಯಲ್ಲಿ ತುಸು ಸಡಿಲವಿರಲೇಬೇಕು. ಹೆಚ್ಚಿನ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಕ್ಲಚ್ ಎಂಜಿನ್ ಎಣ್ಣೆಯಲ್ಲಿಯೇ ನೆನೆದಿರುತ್ತದೆ. ಘರ್ಷಣೆಯನ್ನು ತಗ್ಗಿಸುವ ಕಾರಿನ ಎಣ್ಣೆ ಅದಕ್ಕೆ ಹೊಂದದು. 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಮಾನದಂಡದ ‘ಜಾಸೋ ಎಂಎ’ ಗುರುತು ಡಬ್ಬಿಯ ಮೇಲಿದೆಯೇ ಎಂದು ನೋಡಿ ಕೊಳ್ಳುವುದು ಲೇಸು.

ಚಕ್ರದ ನಡುಭಾಗ ಕಾದಿದ್ದರೆ ಬ್ರೇಕನ್ನು ಶಂಕಿಸಿರಿ.

ಪ್ಲಾಸ್ಟಿಕ್ ಸೀದ ವಾಸನೆಗೆ ಮಾತ್ರ ಕಾಯುವಂತಿಲ್ಲ. ಟ್ಯಾಂಕನ್ನು ಮರಳಿ ಕೂರಿಸುವಾಗ ಅಡಿಗೆ ಸಿಲುಕಿದ ತಂತಿ, ಕಾದ ಕೊಳವೆಗೆ ತಾಗಿದ ತಂತಿ ಕರಗಿ ಕಿಡಿ ಹಾರಿಸಬಲ್ಲದು, ಮೇಲೆಯೇ ಪೆಟ್ರೋಲು. ಒಡನೆ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ಹಿಂದೆ ಕುಳಿತ ಹೆಂಗಸರು ಮಕ್ಕಳನ್ನು ಮೊದಲು ದೂರ ಸರಿಸಿರಿ. ತಂತಿಗಳನ್ನು ಬಲ್ಲವರು ನೋಡುವವರೆಗೆ ಗಾಡಿಯನ್ನು ಮತ್ತೆ ಚಾಲೂ ಮಾಡಕೂಡದು.