ಬಿಡದ ಜ್ವರ, ಬಡಿಯುವ ಗಂಟು

ಜ್ವರಕ್ಕೆ ಲಂಘನ, ಕಷಾಯ, ವಿಶ್ರಾಂತಿ ಎಂಬುದು ನಾವು ಕಲಿತ ಹಾಗೂ ಇಂದಿಗೂ ಹೇಳುವ ಮಾತು. ಆದರೆ ಐವತ್ತು ದಾಟಿದವರಲ್ಲಿ, ವಿಶೇಷವಾಗಿ ಮಧುಮೇಹಿಗಳಲ್ಲಿ, ವಾರ ಕಳೆದರೂ ಬಿಡದ ಜ್ವರದೊಡನೆ ಬೆನ್ನಿನ ಅಥವಾ ಹೊಟ್ಟೆಯ ನೋವು ಸೇರಿಕೊಂಡಿದ್ದರೆ ಕಷಾಯವನ್ನೇ ನೆಚ್ಚಿ ಕೂರಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ರಕ್ತವನ್ನು ಸೇರಿದ ಬ್ಯಾಕ್ಟೀರಿಯಾಗಳು ಅಪರೂಪಕ್ಕೆ ಧಮನಿಯ ಗೋಡೆಯಲ್ಲಿಯೇ ನೆಲೆಯೂರುತ್ತವೆ. ಆರೋಗ್ಯವಂತ ಧಮನಿಯ ನುಣುಪಾದ ಒಳಪದರ ಅವುಗಳಿಗೆ ಸುಲಭವಾಗಿ ಎಡೆಗೊಡದು. ಕೊಬ್ಬು ಕಟ್ಟಿ ಒರಟಾದೆಡೆ ಹಿಡಿತ ಸಿಗುತ್ತದೆ. ಗೋಡೆ ಶಿಥಿಲಗೊಂಡು ರಕ್ತದ ಒತ್ತಡಕ್ಕೆ ಉಬ್ಬುತ್ತದೆ. ಆ ಉಬ್ಬು ಒಡೆದರೆ ಜೀವ ಉಳಿಯುವುದು ಕಷ್ಟ. ಕಲುಷಿತ ಅನ್ನ-ನೀರಿನಿಂದ ಬರುವ ಸಾಲ್ಮೊನೆಲ್ಲಾ, ಚರ್ಮದ ಹುಣ್ಣಿನಿಂದಲೂ ಒಳಹೊಗಬಲ್ಲ ಸ್ಟೆಫೈಲೊಕಾಕಸ್ ಇದರಲ್ಲಿ ಮುಖ್ಯವಾದವು. ಹೃದಯ ಕವಾಟದ ಸೋಂಕಿನೊಡನೆ ಕಂಡ ಇಂತಹ ಉಬ್ಬುಗಳನ್ನು ವಿಲಿಯಂ ಆಸ್ಲರ್ 1885ರಲ್ಲಿ ‘ಮೈಕಾಟಿಕ್’ ಎಂದು ಕರೆದರು. ಶಿಲೀಂಧ್ರವನ್ನು ಸೂಚಿಸುವ ಆ ಹೆಸರು ಇಂದಿಗೂ ದಾರಿ ತಪ್ಪಿಸುತ್ತಿದೆ. ಕಾರಣ ಬಹುಪಾಲು ಬ್ಯಾಕ್ಟೀರಿಯಾಗಳೇ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಸಿರಾಜ ಗ್ರಂಥಿಯ ವರ್ಣನೆಯಿದೆ. ಅದು ಇದೇ ರೋಗವೆಂದು ಸಾಧಿಸಲು ನಾವು ಹೊರಟಿಲ್ಲ. ಎಲ್ಲವೂ ನಮ್ಮಲ್ಲಿಯೇ ಇತ್ತೆಂಬ ಹೆಮ್ಮೆಯಿಂದ ರೋಗಿಗೆ ಪ್ರಯೋಜನವಿಲ್ಲ. ಆದರೆ ಗ್ರಂಥಿಯು ದೊಡ್ಡದಾಗಿ, ಅಲುಗದೆ, ಮರ್ಮಸ್ಥಾನದಲ್ಲಿದ್ದರೆ ಅದನ್ನು ವರ್ಜಿಸಬೇಕೆಂದು ಆಚಾರ್ಯರೇ ಹೇಳಿರುವುದನ್ನು ನಮ್ಮ ವೃತ್ತಿಬಾಂಧವರು ಗಮನಿಸಬೇಕು.

ಹೊಟ್ಟೆಯಲ್ಲಿ ಬಡಿಯುವ ಗಂಟು ಕೈಗೆ ಸಿಕ್ಕರೆ ‘ಹೊಕ್ಕುಳು ಸರಿದಿದೆ’ ಎಂದು ಎಣ್ಣೆ ಹಚ್ಚಿ ತಿಕ್ಕಿಸುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ತೆಳ್ಳಗಿನವರಲ್ಲಿ ಮಹಾಧಮನಿಯ ಬಡಿತ ಸಹಜವಾಗಿಯೇ ಕೈಗೆ ತಿಳಿಯುತ್ತದೆ, ನಿಜ. ಆದರೆ ಜ್ವರವಿದ್ದು, ಬಡಿತದೊಡನೆ ಗಂಟೂ ಇದ್ದರೆ ಅದರ ಮೇಲೆ ಯಾರ ಕೈಯೂ ಬೀಳಕೂಡದು. ಅಭ್ಯಂಗದ ಹೆಸರಿನಲ್ಲಿ ವೈದ್ಯರ ಕೈಯೂ ಕೂಡದು.

ಅಂಗಡಿಯಲ್ಲಿ ಕೇಳಿ ಎರಡು ದಿನ ಆ್ಯಂಟಿಬಯಾಟಿಕ್ ನುಂಗಿ ಬಿಡುವ ರೂಢಿ ಇನ್ನೂ ಕೆಟ್ಟದ್ದು. ಜ್ವರ ತಾತ್ಕಾಲಿಕವಾಗಿ ತಗ್ಗುತ್ತದೆ, ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಗೋಡೆಯೊಳಗಿನ ಸೋಂಕು ಮಾತ್ರ ಮುಂದುವರಿಯುತ್ತದೆ. ಆದ್ದರಿಂದ ಭಕ್ತಬಾಂಧವರು ಮಾತ್ರೆಗೆ ಮೊದಲೇ ದೊಡ್ಡ ಆಸ್ಪತ್ರೆಗೆ ಹೋಗಿ ಕಲ್ಚರ್‌ಗೆ ರಕ್ತ ಕೊಡಬೇಕು. ಸಿಟಿ ಆಂಜಿಯೋಗ್ರಾಂ ಉಬ್ಬನ್ನು ತೋರಿಸುತ್ತದೆ. ಬಳಿಕ ವಾರಗಟ್ಟಲೆ ಆ್ಯಂಟಿಬಯಾಟಿಕ್, ಬಹುತೇಕರಿಗೆ ಶಸ್ತ್ರಚಿಕಿತ್ಸೆ. ಇದಕ್ಕೆ ಪರ್ಯಾಯ ಔಷಧ ನಮ್ಮಲ್ಲಿದೆ ಎನ್ನುವ ಆಯುರ್ವೇದ ವೈದ್ಯರನ್ನು ನಂಬಬೇಡಿ. ಚೇತರಿಕೆಯ ಕಾಲದಲ್ಲಿ ಹಸಿವು ಕುದುರಿಸಲು, ಬಲ ತುಂಬಲು ನಾವಿದ್ದೇವೆ; ಆಗಲೂ ಶಸ್ತ್ರವೈದ್ಯರು ಬರೆದುಕೊಟ್ಟ ಚೀಟಿಯನ್ನು ತಪ್ಪದೆ ತಂದು ತೋರಿಸಿರಿ.